ವೈರು ಕಿತ್ತ ಮೇಲೂ ತಿರುಗಿದ ಡಿಸ್ಕ್

ಇಂಥ ಕಥೆ ಹೇಳುವವರನ್ನು ಒಂದು ಕಾಲಕ್ಕೆ ನಾನು ಮನಸಾರೆ ಗೇಲಿ ಮಾಡುತ್ತಿದ್ದೆ. ತಾನಾಗಿ ಹತ್ತಿದ ದೀಪ, ತಾನಾಗಿ ಹಾಡಿದ ರೇಡಿಯೋ ಎಂದು ಯಾರಾದರೂ ಶುರು ಮಾಡಿದರೆ, "ಮೊದಲು ಮೀಟರ್ ಹಚ್ಚಿ ನೋಡ್ರಿ" ಎಂದು ಬಾಯಿ ಮುಚ್ಚಿಸುತ್ತಿದ್ದೆ. ಈಗ ನನ್ನ ಸರದಿ. ನಗುವವರು ನಗಲಿ, ನನಗೇನೂ ಬೇಜಾರಿಲ್ಲ.

ಆಗ ಸೇಡಂನಲ್ಲಿ ನನ್ನದೊಂದು ಮದುವೆ ವಿಡಿಯೋ ಅಂಗಡಿ. ಮನೆಮನೆಯಲ್ಲೂ ಕ್ಯಾಸೆಟ್ ಹೋಗಿ ಸಿಡಿ ಬಂದಿದ್ದ ಕಾಲ. ತೆಗೆದ ಚಿತ್ರವನ್ನೆಲ್ಲ ಇಟ್ಟಿಗೆಯಂಥ ಒಂದು ಹಾರ್ಡ್ ಡಿಸ್ಕಿನಲ್ಲಿ ತುಂಬಿಡುತ್ತಿದ್ದೆ. ಈಗಿನವುಗಳಂತೆ ಅದು ಕಂಪ್ಯೂಟರಿನ ವೈರಿನಿಂದಲೇ ನಡೆಯುತ್ತಿರಲಿಲ್ಲ, ಅದಕ್ಕೆ ಬೇರೆ ಕರೆಂಟ್ ಬೇಕು. ನಮ್ಮ ಕಡೆಯ ಕರೆಂಟಿನ ಸುದ್ದಿ ಕೇಳಲೇಬೇಡಿ. ಒಮ್ಮೆ ಚಿತ್ತಾಪುರದ ಮದುವೆಯೊಂದನ್ನು ಡಿಸ್ಕಿಗೆ ಇಳಿಸುವಾಗ ಕರೆಂಟ್ ಹೋಗಿ, ಅಕ್ಷತೆಯ ಭಾಗವೇ ಅಳಿಸಿಹೋಯಿತು. ಆ ಬೀಗರು ಅಂಗಡಿಗೆ ಬಂದು ನನ್ನ ಕೊರಳಪಟ್ಟಿ ಹಿಡಿದರು. ಎಲ್ಲಿಗೆ ಬೇಕಾದರೂ ಒಯ್ಯಬಹುದಾದ, ನಡುವೆ ಕೈಕೊಡದ ಪವರ್ ಸಪ್ಲೈ ಒಂದನ್ನು ನಾನೇ ಮಾಡುತ್ತೇನೆಂದು ಅವತ್ತೇ ಹಟ ತೊಟ್ಟೆ.

ಶಹಾಬಾದಿನಿಂದ ಯುಪಿಎಸ್‌ಗೆ ಹಾಕುವ ಬ್ಯಾಟರಿ ತಂದೆ. ಡಿಸ್ಕಿನ ಮೋಟರಿಗೆ ಹನ್ನೆರಡು ವೋಲ್ಟ್ ಬೇಕು, ಅದರ ಬೋರ್ಡಿಗೆ ಐದು. ಮೋಟರ್ ತಿರುಗಲು ಶುರುವಾಗುವಾಗ ಕರೆಂಟನ್ನು ಒಮ್ಮೆಲೇ ಎಳೆದುಕೊಳ್ಳುತ್ತದೆ. ಆಗ ವೋಲ್ಟೇಜ್ ಬಿದ್ದು, ಡಿಸ್ಕ್ ಟಕ್ ಟಕ್ ಎಂದು ನಿಂತುಬಿಡುತ್ತಿತ್ತು. ದಪ್ಪ ವೈರು ಹಾಕಿದೆ, ದೊಡ್ಡ ಕೆಪಾಸಿಟರ್ ಕೂರಿಸಿದೆ, ವೋಲ್ಟೇಜ್ ಇಳಿಸುವಾಗ ಬಿಸಿಯಾಗುವ ಐಸಿಯನ್ನು ಒಂದು ಸ್ಟೀಲ್ ಡಬ್ಬಿಯ ಮೈಗೇ ಬಿಗಿದು, ಎಲ್ಲವನ್ನೂ ಅದರೊಳಗೇ ಇಟ್ಟೆ. ಡಬ್ಬಿ ಹೆಂಡತಿಯದು, ರೊಟ್ಟಿ ಇಡುವಂಥದ್ದು. ಸಾಕಷ್ಟು ಬೈಸಿಕೊಂಡೆ. ಕೊನೆಗೊಂದು ದಿನ ಡಿಸ್ಕ್ ಮಧ್ಯಾಹ್ನವಿಡೀ ಓಡಿತು. "ಇನ್ನ ಇದು ನಿಂದ್ರಂಗಿಲ್ಲ ನೋಡು" ಎಂದು ಆಕೆಯ ಮುಂದೆ ಎದೆಯುಬ್ಬಿಸಿದೆ.

ಆಗಲೇ ಕುರಕುಂಟಾದ ಮಾಸ್ತರರೊಬ್ಬರು ಅಂಗಡಿಗೆ ಬಂದರು. ಅವರ ಅಕ್ಕ ಕಮಲಮ್ಮನ ಮಗಳು ಸುಧಾಳ ಮದುವೆಗೆ ನಾನೇ ವಿಡಿಯೋ ತೆಗೆದಿದ್ದೆ. ವರ್ಷ ತುಂಬುವುದರೊಳಗೆ ಆ ಹುಡುಗಿ ಗಂಡನ ಮನೆಯಲ್ಲಿ ಸುಟ್ಟುಕೊಂಡು ಸತ್ತಿದ್ದಳು. ಸ್ಟೋ ಸಿಡಿಯಿತು ಎಂದರಂತೆ. ಹಾಗೆಯೇ ಅನ್ನುತ್ತಾರೆ.

"ಅಕ್ಕ ಹಾಸಗಿ ಹಿಡದಾಳ್ರಿ" ಎಂದರು ಮಾಸ್ತರರು. "ಸಿಡಿ ಹಾಕಿದ್ರ ಬರೇ ಸಿನಿಮಾ ಹಾಡು ಕೇಳ್ತದ. ಹುಡುಗಿ ದನಿ ಒಂದ್ಸಲ ಕೇಳಸ್ರಿ ಅಂತ ಅಳ್ಲಿಕತ್ತಾಳ."

ಅದು ನಮ್ಮ ದಂಧೆಯ ರೀತಿ. ಮದುವೆಮನೆಯ ಗದ್ದಲ ತೆಗೆದುಹಾಕಿ, ಮೇಲೆ ಹಾಡು ಕೂರಿಸುತ್ತಿದ್ದೆವು. ಮದುಮಗಳು ಬಾಯಿ ಆಡಿಸುತ್ತಾಳೆ, ಹಾಡು ಬೇರೆ ಯಾರದೋ. ನಿಜವಾದ ದನಿ ಇದ್ದದ್ದು ಕತ್ತರಿಸದ ಚಿತ್ರದಲ್ಲಿ, ಅಂದರೆ ನನ್ನ ಡಿಸ್ಕಿನಲ್ಲಿ ಮಾತ್ರ. ಗಂಟೆಗಟ್ಟಲೆ ಚಿತ್ರದಲ್ಲಿ ಆಕೆ ಎಲ್ಲಿ ಮಾತಾಡಿದ್ದಾಳೋ ನನಗೂ ಗೊತ್ತಿರಲಿಲ್ಲ. ತಾಯಿಯೇ ನೋಡಿ ಆರಿಸಲಿ ಎಂದು ಡಿಸ್ಕ್, ಡಬ್ಬಿ, ಲ್ಯಾಪ್‌ಟಾಪ್ ಎಲ್ಲ ಬೈಕಿಗೆ ಕಟ್ಟಿಕೊಂಡು ಮರುದಿನ ಮಧ್ಯಾಹ್ನ ಕುರಕುಂಟಾಕ್ಕೆ ಹೋದೆ. ಅಲ್ಲಿ ಕರೆಂಟ್ ಇರಲಿಲ್ಲ. ಇರದಿದ್ದುದೇ ಒಳ್ಳೆಯದಾಯಿತು, ನನ್ನ ಡಬ್ಬಿಯ ಕರಾಮತ್ತು ತೋರಿಸಬಹುದೆಂದು ಒಳಗೊಳಗೇ ಖುಷಿಪಟ್ಟೆ.

ಕಮಲಮ್ಮ ಮಂಚದ ಮೇಲೆ ಕಟ್ಟಿಗೆಯಂತೆ ಒಣಗಿ ಮಲಗಿದ್ದರು. ಡಬ್ಬಿ ಹಚ್ಚಿದೆ. ಹಸಿರು ದೀಪ ಹತ್ತಿತು, ಡಿಸ್ಕ್ ತಿರುಗಿತು. ಮುಂದೆ ಮುಂದೆ ಓಡಿಸುತ್ತ ಒಂದು ಕಡೆ ನಿಲ್ಲಿಸಿದೆ. ನಾನು ಊಟಕ್ಕೆ ಹೋದಾಗ ಕ್ಯಾಮೆರಾ ಬಂದ್ ಮಾಡದೆ ಒಳಕೋಣೆಯ ಟ್ರಂಕಿನ ಮೇಲೆ ಬಿಟ್ಟಿದ್ದೆನೆಂದು ಕಾಣುತ್ತದೆ. ಬರೀ ಗೋಡೆ, ಒಂದು ಸೀರೆಯ ಸೆರಗು. ಆದರೆ ದನಿ ಸ್ವಚ್ಛವಾಗಿತ್ತು.

"ಯವ್ವಾ..." ಅಂದಿತು ಆ ದನಿ.

"ಸುಧಾ! ನನ್ನ ಸುಧಾ!" ಕಮಲಮ್ಮ ಎದ್ದೇ ಕೂತರು. ತಿಂಗಳುಗಟ್ಟಲೆ ಏಳದವರು. ನನ್ನ ಕಣ್ಣು ತುಂಬಿತು.

"ಯವ್ವಾ, ಅವರನ್ನ ನೋಡಿದ್ರ ನಂಗ ಭಾಳ ಹೆದರಿಕಿ ಆಗ್ತದ. ನಾ ಹೋಗಂಗಿಲ್ಲ. ಕಾಲ್ ಬೀಳ್ತೀನಿ, ಕಳಸಬ್ಯಾಡ."

ಕಮಲಮ್ಮನ ಮುಖ ಬಿಳಿಚಿಕೊಂಡಿತು. ಮುಂದಿನ ಮಾತು ಏನೆಂದು ಆ ಮನೆಯಲ್ಲಿ ಅವರೊಬ್ಬರಿಗೇ ಗೊತ್ತಿತ್ತು. "ಬಂದ್ ಮಾಡ್ರಿ! ಬಂದ್ ಮಾಡ್ರಿ ಅದನ್ನ!"

ಗಾಬರಿಯಲ್ಲಿ ಕೈಗೆ ಸಿಕ್ಕ ಬ್ಯಾಟರಿಯ ವೈರನ್ನೇ ಕಿತ್ತೆ. ಹಸಿರು ದೀಪ ಆರಿತು. ಡಿಸ್ಕ್ ನಿಲ್ಲಲಿಲ್ಲ. ಹುಡುಗಿ ಅಳುತ್ತಲೇ ಇದ್ದಳು, ಬೇಡುತ್ತಲೇ ಇದ್ದಳು. ಲ್ಯಾಪ್‌ಟಾಪಿನ ಯಾವ ಕೀ ಒತ್ತಿದರೂ ಕೇಳಲಿಲ್ಲ. ಡಿಸ್ಕಿನ ಮೇಲೆ ಕೈ ಇಟ್ಟೆ. ಒಳಗೆ ಗುಂಯ್ ಎಂದು ತಿರುಗುತ್ತಿತ್ತು. ಇನ್ನೊಂದು ಕೈಯಲ್ಲಿ ಕಿತ್ತ ವೈರು ಹಾಗೇ ಇತ್ತು. ಮಾಸ್ತರರೂ ಅದನ್ನು ನೋಡಿದರು. ಆಮೇಲೆ ಲ್ಯಾಪ್‌ಟಾಪಿನಿಂದ ಕಮಲಮ್ಮನದೇ ದನಿ ಬಂತು.

"ಬಾಯಿ ಮುಚ್ಚು, ಮಂದಿ ಕೇಳ್ಯಾರು. ಸತ್ರೂ ಅಲ್ಲೇ ಸಾಯಿ. ಹೊಳ್ಳಿ ಈ ಮನಿಗಿ ಬರಬ್ಯಾಡ."

ಆ ಮಾತು ಮುಗಿದ ಮೇಲೆ ಡಿಸ್ಕ್ ಮೆಲ್ಲಗೆ ನಿಂತಿತು.

ಕಮಲಮ್ಮ ಅಳಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿ, "ಆಕಿ ದನಿ ಕೇಳಬೇಕಂದಿದ್ದೆ. ನಂದು ಕೇಳಿಸಿದ್ರಿ" ಎಂದರು. ನಾನು ಸಾಮಾನು ಕಟ್ಟಿಕೊಂಡು ಕಳ್ಳನ ಹಾಗೆ ಹೊರಬಿದ್ದೆ.

ವಾಡಿಯಲ್ಲಿ ಎಲೆಕ್ಟ್ರಾನಿಕ್ಸ್ ಬಲ್ಲ ಗೆಳೆಯನೊಬ್ಬನಿದ್ದ. ಕೆಪಾಸಿಟರಿನಲ್ಲಿ ಕರೆಂಟ್ ಉಳಿದಿರುತ್ತದೆ, ಲ್ಯಾಪ್‌ಟಾಪೂ ಮುಂದಿನ ಚಿತ್ರವನ್ನು ಸ್ವಲ್ಪ ಮುಂಚೆಯೇ ಡಿಸ್ಕಿನಿಂದ ಓದಿಟ್ಟುಕೊಂಡಿರುತ್ತದೆ ಎಂದು ಅವನು ತಿಳಿಸಿ ಹೇಳಿದ. ಅಷ್ಟು ನನಗೂ ಗೊತ್ತು. ಅದು ಕಣ್ಣು ಮಿಟುಕಿಸುವಷ್ಟು ಹೊತ್ತಿನ ಮಾತು. ಒಂದು ಹುಡುಗಿ ಅತ್ತು ದಣಿಯುವಷ್ಟು ಹೊತ್ತು ಯಾವ ಕೆಪಾಸಿಟರೂ ಮೋಟರ್ ತಿರುಗಿಸುವುದಿಲ್ಲ.

ಕೆಲವು ದಿನಗಳ ಮೇಲೆ ಮಾಸ್ತರರು ಮತ್ತೆ ಬಂದರು. ಬಾಗಿಲಲ್ಲೇ ನಿಂತು, "ಅಕ್ಕ ಕರೀಲಿಕತ್ತಾಳ್ರಿ. ಅದನ್ನೇ ಇನ್ನೊಮ್ಮೆ ಕೇಳ್ತಾಳಂತ. ಬೈಗುಳ ಇದ್ರೂ ಇರ್ಲಿ, ಅದರಾಗ ಹುಡುಗಿ ಅದಾಳಲ್ಲ ಅಂತಾಳ" ಎಂದರು.

ಅವರ ಎದುರಿಗೇ ತುಂಬಿದ ಬ್ಯಾಟರಿ ಹಚ್ಚಿದೆ. ದೀಪ ಹತ್ತಿತು. ಮೀಟರ್ ಹಿಡಿದೆ, ಹನ್ನೆರಡು ವೋಲ್ಟೂ ಸರಿ, ಐದೂ ಸರಿ. ಡಿಸ್ಕಿನ ಮೇಲೆ ಕೈ ಇಟ್ಟೆ. ತಣ್ಣಗಿತ್ತು. ಅವತ್ತು ಏನೂ ಇಲ್ಲದೆ ತಿರುಗಿದ್ದು, ಎಲ್ಲ ಕೊಟ್ಟರೂ ಆಮೇಲೆ ಒಂದು ಸುತ್ತೂ ತಿರುಗಲಿಲ್ಲ.