ಕಂಬ ಹೊತ್ತವರ ಇತಿಹಾಸ

ನಮ್ಮ ಟೀಚರ್ ಶಾಂತಕ್ಕೋರು ಇತಿಹಾಸದ ಪುಸ್ತಕವನ್ನು ಹಿಂದಿನಿಂದ ತೆರೆಯುತ್ತಿದ್ದರು. ರಾಜರು, ಬ್ರಿಟಿಷರು, ಸ್ವಾತಂತ್ರ್ಯ, ಅಣೆಕಟ್ಟು ಎಲ್ಲ ಆಮೇಲೆ. ಮೊದಲು ಕೊನೆಯ ಖಾಲಿ ಹಾಳೆಯಲ್ಲಿ, ನಮ್ಮ ಮನೆಯವರು ಈ ದೇಶಕ್ಕಾಗಿ ಮಾಡಿದ ಒಂದು ಕೆಲಸವನ್ನು ಬರೆಯಬೇಕು. ಹಿರಿಯರನ್ನು ಕೇಳದೆ ಸುಮ್ಮನೆ ಬರೆದವರನ್ನು ಎರಡೇ ಪ್ರಶ್ನೆಯಲ್ಲಿ ಹಿಡಿದುಬಿಡುತ್ತಿದ್ದರು.

ಅವರು ಬನವಾಸಿ ಕಡೆಯವರು. "ನಮ್ಮೂರಾಗ ರಾಜರಿದ್ರಂತ. ನಮ್ಮನ್ಯಾಗ ಇದ್ದದ್ದು ಎರಡ ಎತ್ತು. ರಾಜರಿಗೆ ಅನ್ನ ಹಾಕಿದ್ದು ಯಾರು, ನೀವ ಹೇಳ್ರಿ," ಎಂದು ಇಡಗುಂದಿ ಶಾಲೆಯ ನಮ್ಮನ್ನೆಲ್ಲ ನಗಿಸುತ್ತಿದ್ದರು. ಸಿಟ್ಟು ಬಂದರೆ ಮಾತ್ರ ಕನ್ನಡಕ ತೆಗೆದು ಸೆರಗಿನಿಂದ ಒರೆಸುವರು. ಆಗ ಇಡೀ ತರಗತಿ ಗಪ್‌ಚಿಪ್.

ನಾನು, ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದು ಈ ಕಾಡಲ್ಲಿ ನೆಲೆಸಿದ ಸಿದ್ದಿಯರ ಹುಡುಗಿ. ಏನು ಬರೆಯಲಿ ಎಂದು ಅಜ್ಜಿಯನ್ನು ಕೇಳಿದೆ. "ನಿನ್ನಜ್ಜ ಕರೆಂಟಿನ ಕಂಬ ಹೊತ್ತಿದ್ದ, ಘಟ್ಟದ ಕಾಡಲ್ಲಿ. ಹೆಗಲ ಚರ್ಮ ಎದ್ದೋಗಿತ್ತು. ನಮ್ಮನೆಗೆ ಕರೆಂಟು ಬಂದದ್ದು ಅಂವ ಸತ್ತ ಮೇಲೆ," ಎಂದಳು. ಹಾಗೆಯೇ ಬರೆದೆ. ಅಕ್ಕೋರು ಅದನ್ನು ಗಟ್ಟಿಯಾಗಿ ಓದಿ ಹೇಳಿದರು. ಅಜ್ಜನ ಹೆಸರನ್ನು ಶಾಲೆಯಲ್ಲಿ ಕೇಳಿ ನನಗೆ ಹೆಮ್ಮೆಯಿಂದ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ.

ಆ ವರ್ಷವೇ ತಪಾಸಣೆಗೆ ಒಬ್ಬ ಸಾಹೇಬರು ಬಂದರು. ನನ್ನ ಗುಂಗುರು ಕೂದಲು ನೋಡಿ, "ನಿಮ್ಮವರು ಭಾರತಕ್ಕೆ ಯಾವಾಗ ಬಂದ್ರು?" ಎಂದು ಕೇಳಿದರು. ನಾನು ಅಕ್ಕೋರ ಕಡೆ ನೋಡಿದೆ. ಅಕ್ಕೋರು ಕನ್ನಡಕ ತೆಗೆದರು.

"ಮೊದ್ಲ ನಿಮ್ಮವ್ರು ಯಾವಾಗ ಬಂದ್ರು ಹೇಳ್ರಿ ಸಾಹೇಬ್ರ. ಆಮ್ಯಾಲೆ ಆಕಿ ಹೇಳ್ತಾಳ."

ಸಾಹೇಬರ ಮುಖ ಕೆಂಪಾಯಿತು. ನನ್ನ ಪುಸ್ತಕ ಎತ್ತಿಕೊಂಡು ಕೊನೆಯ ಹಾಳೆ ನೋಡಿದರು. "ಸರ್ಕಾರಿ ಪುಸ್ತಕದಲ್ಲಿ ಇದೆಲ್ಲ ಯಾಕೆ? ಹರಿದು ಹಾಕು," ಎಂದು ನನ್ನ ಮುಂದೆಯೇ ಇಟ್ಟರು. ಅಕ್ಕೋರಿಗೆ ತೊಂದರೆಯಾದೀತೆಂದು ಹೆದರಿ ನಾನು ಹಾಳೆಗೆ ಕೈ ಹಾಕಿಯೇ ಬಿಟ್ಟೆ. ಅಕ್ಕೋರು ಅದರ ಮೇಲೆ ಅಂಗೈ ಊರಿದರು.

"ಹರಿಬ್ಯಾಡವ್ವಾ. ಹಿಂತಾವ್ರು ಕಂಬ ಹೊತ್ತಿದ್ದಕ್ಕನ ಸಾಹೇಬ್ರ ಆಫೀಸಿನ್ಯಾಗ ಫ್ಯಾನ್ ತಿರುಗ್ತದ."

ಮುಂದಿನ ತಿಂಗಳೇ ಅಕ್ಕೋರಿಗೆ ಸಿದ್ದಾಪುರದ ಮೂಲೆಯ ಶಾಲೆಗೆ ವರ್ಗವಾಯಿತು. ನನ್ನಿಂದಲೇ ಹೀಗಾಯಿತೆಂದು ಬಸ್‌ಸ್ಟ್ಯಾಂಡಿನಲ್ಲಿ ಅತ್ತೆ. "ನಿನ್ನಿಂದಲ್ಲ, ನನ್ನ ಬಾಯಿಂದ. ಅಲ್ಲಿ ಪುಸ್ತಕಕ್ಕೂ ಖಾಲಿ ಹಾಳಿ ಇರ್ತಾವ ಬಿಡ," ಎಂದು ಬೈದೇ ಬಸ್ಸು ಹತ್ತಿದರು. ಅಲ್ಲಿಯೂ ಬರೆಸಿದರಂತೆ.

ಕಳೆದ ವರ್ಷ ಅವರು, ನಿವೃತ್ತಿಯ ಮೇಲೆ ನೆಲೆಸಿದ್ದ ಇಸಳೂರಿನ ಮನೆಯಲ್ಲಿ ತೀರಿಕೊಂಡರು. ಯಲ್ಲಾಪುರದಲ್ಲಿ ನರ್ಸ್ ಆಗಿರುವ ನಾನು ಸುದ್ದಿ ತಿಳಿದೊಡನೆ ಓಡಿದೆ. ಪಡಸಾಲೆಯಲ್ಲಿ ಅಕ್ಕೋರ ದೇಹಕ್ಕೆ ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸಿದ್ದರು. ಬಾಗಿಲಲ್ಲಿ ನಿಂತಿದ್ದ ಹಿರಿಯರೊಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಾವ ದೇಶದವ್ರಮ್ಮಾ ನೀವು?" ಎಂದರು.

ಉತ್ತರಕ್ಕಾಗಿ ಅಕ್ಕೋರ ಕಡೆ ನೋಡಿದೆ. ಅವರ ಬಾಯಿ ಮುಚ್ಚಿತ್ತು.

"ಈ ದೇಶದವಳು. ದಾರಿ ಬಿಡಿ," ಎಂದು ಒಳಗೆ ಹೋಗಿ ಅವರ ಪಕ್ಕದಲ್ಲಿ ಕುಳಿತೆ.