ಹಲ್ಲು ನೋಡುವ ಜವರ

ಜವರ ಯಾರನ್ನೇ ಕಂಡರೂ ಮೊದಲು ಹಲ್ಲು ನೋಡುತ್ತಿದ್ದ, ಆಮೇಲೆ ಮುಖ. ಹೆಣ್ಣು ನೋಡಲು ಬಂದ ಗಂಡಾಗಲಿ, ಓಟು ಕೇಳಲು ಬಂದ ಪುಢಾರಿಯಾಗಲಿ, ನಕ್ಕ ಕೂಡಲೇ ಇವನ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಅವರು ಅತ್ತ ಹೋದ ಮೇಲೆ ನನ್ನ ಕಿವಿ ಹತ್ತಿರ ಬಂದು, "ಮೂವತ್ತು ಅಂತವ್ನೆ, ನಲವತ್ತಕ್ಕೆ ಒಂದು ದಿನ ಕಮ್ಮಿ ಇಲ್ಲ ಕಣ್ಲಾ ಕುಮಾರ" ಎನ್ನುತ್ತಿದ್ದ. ನಮ್ಮೂರ ಆಲೆಮನೆಯ ಯಜಮಾನರು ಮಂಡ್ಯಕ್ಕೆ ಹೋಗಿ ಹಲ್ಲಿನ ಸೆಟ್ಟು ಕಟ್ಟಿಸಿಕೊಂಡು ಬಂದ ದಿನ ಆಲೆಮನೆಯಲ್ಲಿದ್ದವರೆಲ್ಲ ನಗು ಬಿಗಿ ಹಿಡಿದು ಕೂತಿದ್ದೆವು. ಜವರ ಮಾತ್ರ ಅವರ ಬಾಯನ್ನೇ ದಿಟ್ಟಿಸಿ, "ಯಜಮಾನ್ರೆ, ಈಗ ನಿಮ್ಮುನ್ನ ಸಂತೆಗೆ ಒಡ್ಕಂಡೋದ್ರೆ ಆರಲ್ಲಿನ ಪ್ರಾಯುದ್ ಓರಿ ಅಂತವ್ರೆ" ಎಂದುಬಿಟ್ಟ. ಬೇರೆ ಯಾರಾದರೂ ಅಂದಿದ್ದರೆ ಅವತ್ತೇ ಅವನ ಹಲ್ಲು ಉದುರುತ್ತಿತ್ತು. ಯಜಮಾನರು ಹೊಸ ಹಲ್ಲು ಅಲ್ಲಾಡುವಷ್ಟು ನಕ್ಕರು.

ಅವನಪ್ಪ ದನದ ದಳ್ಳಾಳಿ. ಟವೆಲ್ಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸುವ ಕಾಲದವನು. ಜವರ ನಡೆಯಲು ಕಲಿತದ್ದೇ ಎತ್ತುಗಳ ಕಾಲ ಸಂದಿಯಲ್ಲಿ. ತಾಯಿ ಹೆರಿಗೆಯಲ್ಲೇ ಹೋಗಿದ್ದಳು. ಕಾಮಾಲೆಯಿಂದ ಅಪ್ಪನೂ ತೀರಿಕೊಂಡಾಗ ಇವನಿಗೆ ಆರು ವರ್ಷ. ನೆಂಟರು ಯಾರು ಸಾಕಬೇಕೆಂದು ಮುಖ ಮುಖ ನೋಡಿಕೊಳ್ಳುತ್ತಿದ್ದಾಗ ಯಜಮಾನರು ಮಣ್ಣಿಗೆ ಬಂದವರು ಹುಡುಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಮನೆಗೆ ಬಂದರು. ಅವರ ಹೆಂಡತಿಯನ್ನು ಊರೆಲ್ಲ ದೊಡ್ಡವ್ವ ಎಂದೇ ಕರೆಯುತ್ತಿತ್ತು. ಆಕೆ ಮಳವಳ್ಳಿಯ ಪಾತ್ರೆ ಅಂಗಡಿಯಲ್ಲಿ ಒಂದು ಸ್ಟೀಲ್ ತಟ್ಟೆ ಕೊಂಡು, ಅಂಚಿನಲ್ಲಿ ಜವರನ ಹೆಸರು ಹಾಕಿಸಿದಳು. ತನ್ನ ಮಗ ಮಂಜನಿಗೂ ಅಂಥದೇ ಒಂದು. ಇಬ್ಬರೂ ಒಟ್ಟಿಗೆ ಕೂತು ಮುದ್ದೆ ಉಂಡು ಬೆಳೆದರು.

ಯಜಮಾನರಿಗೆ ಆಲೆಮನೆ ಇತ್ತು, ಜೊತೆಗೆ ಒಂದು ಪಡೆ ಇತ್ತು. ಪಡೆಗೆ ಪೊಲೀಸರ ಕಾಗದದಲ್ಲಿ ಏನೋ ಉದ್ದದ ಹೆಸರಿದೆ. ನಮಗೆ ಮಾತ್ರ ಅದು ಭಾನುವಾರದ ಬೆಳಗ್ಗೆ. ಆಲೆಮನೆಯ ಅಂಗಳದಲ್ಲಿ ಸಾಲಾಗಿ ನಿಂತು ಕಸರತ್ತು, ದೊಣ್ಣೆವರಸೆ, ಕೊನೆಗೆ ಹಿಡಿ ಮಣ್ಣು ಎತ್ತಿಕೊಂಡು ಪ್ರತಿಜ್ಞೆ. ಅದಾದ ಮೇಲೆ ಬಾಳೆಲೆಯ ಮೇಲೆ ಬಿಸಿ ಬೆಲ್ಲದ ಪಾಕ. ನಾನು ಹನ್ನೆರಡನೇ ವಯಸ್ಸಿಗೆ ಸೇರಿದೆ. ನನಗಿಂತ ಎರಡು ವರ್ಷ ದೊಡ್ಡವನಾದ ಜವರ ಅಷ್ಟು ಹೊತ್ತಿಗಾಗಲೇ ಅಲ್ಲಿ ಹಳಬ. ಮೊದಲು ದನಗಳ್ಳರನ್ನು ಕಾಯುವುದು ನಮ್ಮ ಕೆಲಸವಾಗಿತ್ತು. ಆಮೇಲೆ ದನ ಸಾಗಿಸುವ ಗಾಡಿ ನಿಲ್ಲಿಸುವುದಾಯಿತು, ಆಮೇಲೆ ಹೊಡೆಯುವುದಾಯಿತು. ಯಾವಾಗ ಒಂದು ಮುಗಿದು ಇನ್ನೊಂದು ಶುರುವಾಯಿತೆಂದು ನಮ್ಮಲ್ಲಿ ಯಾರೂ ಕೇಳಿಕೊಳ್ಳಲಿಲ್ಲ. ಎರಡು ಸಲ ನನ್ನ ಕೈಯೂ ಎದ್ದಿದೆ. ಸುಳ್ಳು ಯಾಕೆ ಹೇಳಲಿ, ಆ ಹೊತ್ತಿಗೆ ಖುಷಿಯೇ ಆಗಿತ್ತು.

ಜವರ ಹೊಡೆಯುತ್ತಿರಲಿಲ್ಲ. ಅವನಿಗೆ ಬೇರೆ ಕೆಲಸವಿತ್ತು. ಗಾಡಿ ನಿಲ್ಲಿಸಿದ ಮೇಲೆ ಪಡೆಯವರು ಅವನನ್ನು ಕರೆಸುತ್ತಿದ್ದರು. ಒಬ್ಬರು ಮೂಗುದಾರ ಬಿಗಿ ಹಿಡಿದು ಎತ್ತಿನ ತಲೆ ಎತ್ತಬೇಕು, ಇವನು ತುಟಿ ಬಿಡಿಸಿ ಹಲ್ಲು ನೋಡಬೇಕು. ಆ ಮೂಗುದಾರ ಹೆಚ್ಚಾಗಿ ನನ್ನ ಕೈಯಲ್ಲಿರುತ್ತಿತ್ತು. ಎರಡು ಹಲ್ಲು, ನಾಲ್ಕು ಹಲ್ಲು ಎಂದರೆ ಗೇಯುವ ಎತ್ತು, ಗಾಡಿ ಬಿಟ್ಟುಬಿಡಿ ಎಂದು ಅರ್ಥ. ಬಾಯಿಗೂಡಿದೆ ಎಂದರೆ, ಅಂದರೆ ಹಲ್ಲೆಲ್ಲ ಬಂದು ಸವೆದು ಮುದಿಯಾಗಿದೆ ಎಂದರೆ, ಅದು ಕಸಾಯಿಖಾನೆಗೇ ಹೋಗುತ್ತಿದೆ ಎಂದು ತೀರ್ಮಾನ. ಇದಕ್ಕಿಂತ ಬೇರೆ ವಿಚಾರಣೆ ನಮ್ಮಲ್ಲಿರಲಿಲ್ಲ. ಜವರನ ಮಾತು ಒಂದು ಸಲವೂ ತಪ್ಪಿಲ್ಲ ಎಂದು ಯಜಮಾನರು ಎಲ್ಲರ ಮುಂದೆ ಹೇಳಿಕೊಳ್ಳುತ್ತಿದ್ದರು. ಇವನು ತಲೆ ತಗ್ಗಿಸಿಕೊಂಡು ಒಳಗೊಳಗೇ ಹಿಗ್ಗುತ್ತಿದ್ದ.

ಅವತ್ತೂ ತಪ್ಪಲಿಲ್ಲ.

ಬೆಳಗ್ಗೆ ಹತ್ತು ಗಂಟೆ ಇರಬಹುದು. ನಾಲೆ ಸೇತುವೆ ಹತ್ತಿರ ಟೆಂಪೋ ನಿಲ್ಲಿಸಿದ್ದೇವೆಂದು ಮಂಜ ಫೋನ್ ಮಾಡಿದ. ಜವರನನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋದವನು ನಾನು. ಟೆಂಪೋದಲ್ಲಿ ಒಂದೇ ಒಂದು ಹಳ್ಳಿಕಾರ್ ಎತ್ತು, ಒಂದು ಕೊಂಬಿಗೆ ಅರಿಸಿನ ಬಣ್ಣದ ಬಟ್ಟೆ ಸುತ್ತಿತ್ತು. ಓಡಿಸುತ್ತಿದ್ದವರು ನಜೀರ್ ಸಾಬ್ರು ಎಂಬ ಐವತ್ತು ದಾಟಿದ ಮನುಷ್ಯ. "ಪೂರಿಗಾಲಿ ಗೌಡ್ರ ಎತ್ತು ಕಣ್ರಪ್ಪ, ಅವ್ರು ಮುಂದ್ಲ ಬಸ್ನಾಗೆ ಮಂಡ್ಯಕ್ಕೆ ಓಗವ್ರೆ, ಕೇಳಿ ಬೇಕಾದ್ರೆ" ಎನ್ನುತ್ತಿದ್ದರು. ನಾನು ಮೂಗುದಾರ ಹಿಡಿದೆ. ಜವರ ಬಾಯಿ ಬಿಡಿಸಿ ನೋಡಿದ. "ಬಾಯಿಗೂಡಿ ಏಳೆಂಟು ವರ್ಸಾಗೈತೆ. ಇನ್ನ ಇದ್ರಾಗೆ ಗೇಮೆ ಇಲ್ಲ" ಎಂದ, ಎಂದಿನ ಹಾಗೆ, ಎಲ್ಲರಿಗೂ ಕೇಳುವ ಹಾಗೆ.

ಪಡೆಯವರು ಎಂಟು ಜನ, ಸಾಬ್ರ ಮೇಲೆ ಬಿದ್ದರು. "ಕೊಂಬು ನೋಡ್ರಪ್ಪ, ಕೊಂಬು ನೋಡಿ" ಎಂದು ಸಾಬ್ರು ಕೂಗಿದ್ದು ನನಗೆ ಚೆನ್ನಾಗಿ ಕೇಳಿಸಿತು. ಜವರನಿಗೂ ಕೇಳಿಸಿತು. ಅವನು ಬಟ್ಟೆ ಬಿಚ್ಚಿದ. ಕೊಂಬಿನ ಬುಡ ಕೊಳೆತು ಕೀವು ಸುರಿಯುತ್ತಿತ್ತು, ವಾಸನೆಗೆ ನಾನು ಮುಖ ತಿರುಗಿಸಿದೆ. "ಬುಡ್ರಲಾ, ಆಸ್ಪತ್ರೆಗೆ ಓಯ್ತಿರೋ ಎತ್ತು ಕಣ್ರಲಾ, ಬುಡ್ರಲಾ" ಎಂದು ಜವರ ಅವರ ಮಧ್ಯೆ ನುಗ್ಗಿದ. ಯಾರೂ ಬಿಡಲಿಲ್ಲ. ಮಂಜ ಅವನನ್ನು ಎಳೆದು ಆಚೆಗೆ ತಳ್ಳಿದ. ಸಾಬ್ರು ಅಲುಗಾಡದೆ ಬಿದ್ದ ಮೇಲೆ ಎಲ್ಲರೂ ಬೈಕು ಹತ್ತಿ ಓಡಿದರು, ಅವರ ಜೊತೆ ನಾನೂ ಓಡಿದೆ. ಜವರ ಒಬ್ಬನೇ ಸಾಬ್ರನ್ನು ಎತ್ತಿನ ಪಕ್ಕದಲ್ಲಿ ಮಲಗಿಸಿಕೊಂಡು ಟೆಂಪೋ ಓಡಿಸಿಕೊಂಡು ಮಂಡ್ಯದ ಆಸ್ಪತ್ರೆಗೆ ಹೋದ. ಸಾಬ್ರಿಗೆ ಮತ್ತೆ ಪ್ರಜ್ಞೆ ಬರಲಿಲ್ಲ, ಒಂಬತ್ತನೇ ದಿನ ತೀರಿಕೊಂಡರು. ಎತ್ತಿಗೆ ದನದ ಆಸ್ಪತ್ರೆಯಲ್ಲಿ ಆಪರೇಷನ್ ಆಗಿ ಅದು ಬದುಕಿತು.

ಆ ಒಂಬತ್ತು ದಿನವೂ ಜವರ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿದ್ದನಂತೆ. ಹತ್ತನೇ ದಿನ ಆಲೆಮನೆಗೆ ಬಂದ. ನಾವು ನಾಲ್ಕೈದು ಜನ ಅಲ್ಲಿದ್ದೆವು. ಕೂರು ಎಂದರೂ ಕೂರಲಿಲ್ಲ.

"ನಾನ್ ಟೇಸನ್‌ಗೆ ಓಯ್ತೀನಿ ಯಜಮಾನ್ರೆ. ಇದ್ದದ್ದ ಇದ್ದಂಗೆ ಯೋಳ್ತೀನಿ."

ಯಜಮಾನರು ಕೂಗಾಡಲಿಲ್ಲ. "ಅಪ್ಪ ಸತ್ತಾಗ ನಿನ್ನ ಎಗಲ್ ಮ್ಯಾಲೆ ಒತ್ಕಂಡ್ ಬಂದವ ಯಾರ್ಲಾ?" ಎಂದು ಕೇಳಿದರು.

"ನೀವೆ. ಅದ್ಕೇ ಟೇಸನ್‌ಗಿಂತ ಮೊದ್ಲು ನಿಮ್ತಾವ ಬಂದೆ."

"ಮಂಜ ನಿನ್ ತಮ್ಮ ಕಣ್ಲಾ. ಅವ್ನ ಜೈಲಿಗೆ ಕಳ್ಸೀಯಾ?"

"ಅವ್ನು ಒಡ್ದ. ನಾನು ಒಡೀರಿ ಅಂತ ಯೋಳ್ದೆ. ಬಾಯಿಗೂಡೈತೆ ಅಂದ್ರೆ ಒಡೀರಿ ಅಂತ್ಲೇ ಅಲ್ವಾ? ಇಷ್ಟ್ ವರ್ಸ ಅದ್ನೇ ಯೋಳ್ಕಂಡ್ ಬಂದಿವ್ನಿ ಯಜಮಾನ್ರೆ. ಎಷ್ಟ್ ಜನುಕ್ಕೆ ಯೋಳಿವ್ನಿ ಅಂತ ನಂಗೇ ಗ್ಯಾಪ್ಕ ಇಲ್ಲ."

ಯಜಮಾನರ ಕಣ್ಣಲ್ಲಿ ನೀರು ಬಂತು. ಅದು ನಾಟಕವಲ್ಲ, ಅವರು ನಿಜವಾಗಿಯೂ ಅವನನ್ನು ಮಗನಂತೆ ಸಾಕಿದ್ದರು. ಹಾಗೆ ಅಳುತ್ತಲೇ, ಇನ್ನು ಮೇಲೆ ಇವನಿಗೆ ಊರಲ್ಲಿ ಯಾರೂ ನೀರು ಕೊಡಕೂಡದು ಎಂದು ನಮಗೆ ಅಪ್ಪಣೆ ಮಾಡಿದರು.

ಪೊಲೀಸರಿಗೆ ಜವರ ಎಂಟು ಜನರ ಹೆಸರನ್ನೂ ಕೊಟ್ಟ. ತಾನು ಏನೆಂದನೆಂಬುದನ್ನೂ ಬರೆಸಿದ. ಅವನು ಕೈ ಎತ್ತಿರಲಿಲ್ಲವಾದ್ದರಿಂದ ಅವನನ್ನು ಸಾಕ್ಷಿ ಮಾಡಿಕೊಂಡರು. ನನ್ನ ಹೆಸರನ್ನು ಅವನು ಹೇಳಿರಲಿಲ್ಲ. ಆ ಸಂಜೆ ಅವನು ಬಟ್ಟೆಬರೆ ತೆಗೆದುಕೊಳ್ಳಲು ಹೋದರೆ ದೊಡ್ಡವ್ವ ಬಾಗಿಲು ತೆಗೆಯಲಿಲ್ಲ. ಜಗಲಿಯ ಮೇಲೆ ಅವನ ತಟ್ಟೆ ಇತ್ತು. ಅಂಚಿನ ಹೆಸರನ್ನು ಉಳಿಯಿಂದ ಕೆತ್ತಿ ಕೆತ್ತಿ ಅಳಿಸಲು ನೋಡಿದ್ದಳು, ಅದು ಪೂರಾ ಹೋಗಿರಲಿಲ್ಲ. ಜವರ ಜಗಲಿಯ ಕೆಳಗೆ ನಿಂತು, "ದೊಡ್ಡವ್ವ, ಒಂದ್ ಮಾತು ಬೈಯವ್ವ" ಎಂದು ಬಾಗಿಲಿಗೆ ಬೇಡಿಕೊಳ್ಳುತ್ತಿದ್ದುದನ್ನು ಎದುರು ಮನೆಯವರು ಕಿಟಕಿಯಿಂದ ನೋಡಿ, ಮಾರನೆಯ ದಿನ ನಗುತ್ತಾ ಹೇಳಿದರು. ನಾನೂ ಅವರ ಜೊತೆ ನಕ್ಕೆನೆಂದು ಬರೆಯಲು ನಾಚಿಕೆಯಾಗುತ್ತದೆ.

ಬಸರಾಳಿನಲ್ಲಿ ಅವನ ಚಿಕ್ಕಮ್ಮ ಇದ್ದಳು, ಅಲ್ಲಿಗೆ ಹೋದ. ತಿಂಗಳೊಪ್ಪತ್ತಿನಲ್ಲಿ ಆಕೆಯ ಹುಲ್ಲಿನ ಬಣವೆಗೆ ಬೆಂಕಿ ಬಿತ್ತು. ನೀನು ಇರಬೇಡ ಕಣಪ್ಪ ಎಂದು ಆಕೆ ಕೈ ಮುಗಿದಳು. ಆಮೇಲೆ ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿ ಲಾರಿಗೆ ಲೋಡು ಮಾಡುವ ಕೆಲಸ ಹಿಡಿದು ಅಲ್ಲೇ ಮಲಗುತ್ತಿದ್ದ. ದನ ಕೊಳ್ಳುವಾಗ ಮೈಲಿಗಟ್ಟಲೆ ದೂರದಿಂದ ಬಂದು ಅವನನ್ನು ಕರೆದೊಯ್ಯುತ್ತಿದ್ದವರು ಈಗ ಕಂಡರೂ ಕಾಣದ ಹಾಗೆ ಹೋಗುತ್ತಿದ್ದರು.

ಅಲ್ಲಿಂದ ಅವನು ನನ್ನನ್ನು ಹುಡುಕಿಕೊಂಡು ಮೂರು ಸಲ ಬಂದ. ಸಾಬ್ರಿಗೆ ಹೊಡೆದದ್ದನ್ನು ನೋಡಿದ್ದ ದಾರಿಹೋಕರು ಯಾರೂ ಬಾಯಿ ಬಿಡುತ್ತಿರಲಿಲ್ಲ. ಪಡೆಯವರಲ್ಲಿ ಅವತ್ತು ಅಲ್ಲಿದ್ದು ಹೊಡೆಯದವರೆಂದರೆ ನಾವಿಬ್ಬರೇ.

"ಸಾಕ್ಸಿಗೆ ಇಬ್ರು ಬೇಕಂತೆ ಕಣ್ಲಾ ಕುಮಾರ. ನಾನೊಬ್ನೆ ಯೋಳುದ್ರೆ ದ್ವೇಸುಕ್ಕೆ ಯೋಳ್ತಾವ್ನೆ ಅಂತಾರಂತೆ. ಸಾಬ್ರ ಎಂಡ್ತಿ ದಿನಾ ಕೇಳ್ತವ್ಳೆ, ಇನ್ನೊಬ್ರು ಸಿಕ್ಕುದ್ರಾ ಅಂತ."

ನನಗೆ ಆಗ ಮೇಷ್ಟರ ಕೆಲಸದ ಆರ್ಡರು ಬರುವುದರಲ್ಲಿತ್ತು. ಪೊಲೀಸ್ ವೆರಿಫಿಕೇಶನ್ ಆಗಬೇಕಿತ್ತು. ಆರ್ಡರ್ ಬರಲಿ, ಖಂಡಿತ ಬರುತ್ತೇನೆ ಎಂದೆ. "ಸರಿ ಬುಡು, ಅನ್ನುದ್ ಇಚಾರ" ಎಂದು ಹೋದ. ಆರ್ಡರ್ ಬಂತು. ಮತ್ತೆ ಬಂದ. ಪ್ರೊಬೇಷನ್ ಇದೆ, ಅದೊಂದು ಮುಗಿಯಲಿ ಎಂದೆ. ಪ್ರೊಬೇಷನ್ ಎಂದರೇನೆಂದು ವಿವರವಾಗಿ ಕೇಳಿ ತಿಳಿದುಕೊಂಡು, ತಲೆಯಾಡಿಸಿ ಹೋದ. ಮೂರನೇ ಸಲ ಬಂದಾಗ ನಾನು ಮನೆಯಲ್ಲೇ ಇದ್ದು ಇಲ್ಲವೆಂದು ಹೇಳಿಸಿದೆ. ಅವನು ನಾಲ್ಕು ಎಳನೀರು ಜಗಲಿಯ ಮೇಲಿಟ್ಟು ಹೋಗಿದ್ದ.

ವಿಚಾರಣೆಯ ದಿನ ಕೋರ್ಟಿನ ತುಂಬ ಪಡೆಯವರು ಇರಬೇಕೆಂದು ಯಜಮಾನರ ಮಾತಾಯಿತು. ನಾನು ಶಾಲೆಗೆ ರಜೆ ಹಾಕಿ ಅವರ ಜೀಪಿನಲ್ಲೇ ಮಂಡ್ಯಕ್ಕೆ ಹೋದೆ. ಜವರ ಇಸ್ತ್ರಿ ಇಲ್ಲದ ಬಿಳಿ ಅಂಗಿ ಹಾಕಿಕೊಂಡು ಕಟಕಟೆಯಲ್ಲಿ ನಿಂತಿದ್ದ. ಸರ್ಕಾರದ ವಕೀಲರು ಕೇಳಿದ್ದಕ್ಕೆಲ್ಲ ನೇರವಾಗಿ ಹೇಳಿದ. ಆಮೇಲೆ ಪಡೆಯ ಕಡೆಯ ವಕೀಲರು ಎದ್ದರು, ಅವರೂ ಬೇಸಾಯಗಾರರ ಮನೆಯವರೇ.

"ಎತ್ತಿನ ಬಾಯಿ ಬಿಡಿಸಿದ್ದು ನೀನು. ಮೂಗುದಾರ ಹಿಡಿದಿದ್ದೋರು ಯಾರಪ್ಪ?"

ಜವರ ತಲೆ ಎತ್ತಿ ನೋಡಿದ. ಅಷ್ಟು ಜನರ ನಡುವೆ, ಮೂರನೇ ಬೆಂಚಿನಲ್ಲಿ, ನಾನಿರುವುದು ಅವನಿಗೆ ಗೊತ್ತಿತ್ತು. ಅವತ್ತು ಅವನು ನನ್ನ ಹಲ್ಲು ನೋಡಲಿಲ್ಲ, ಕಣ್ಣನ್ನೇ ನೋಡಿದ. ಹೇಳಪ್ಪ ಎಂದರು ಜಡ್ಜು. ಅವನು ನನ್ನ ಮೇಲಿಂದ ಕಣ್ಣು ತೆಗೆಯಲಿಲ್ಲ. ನನ್ನ ಹೆಸರು ಈಗ ಬಂತು, ಈಗ ಬಂತು ಎಂದು ನಾನು ಕೂತಲ್ಲೇ ಕಾಯುತ್ತಿದ್ದೆ. ಜಡ್ಜು ಎರಡನೇ ಸಲ ಕೇಳಿದರು.

"ನಾನೇ ಇಡ್ಕಂಡಿದ್ದೆ ಸ್ವಾಮಿ."

"ಒಂದ್ ಕೈಲಿ ಮೂಗುದಾರ, ಒಂದ್ ಕೈಲಿ ಬಾಯಿ? ಗಾಬರಿಬಿದ್ದ ಹಳ್ಳಿಕಾರ್ ಎತ್ತಿಗೆ?"

ಕೋರ್ಟಿನಲ್ಲಿ ಕೂತಿದ್ದವರೆಲ್ಲ ದನ ಕಟ್ಟಿದವರು. ಮೊದಲು ಒಬ್ಬರು ನಕ್ಕರು, ಆಮೇಲೆ ಇಡೀ ಕೋರ್ಟು ನಕ್ಕಿತು. ಬಾಗಿಲ ಹತ್ತಿರ ಕೂತಿದ್ದ ಪೇದೆಯೂ ನಕ್ಕ. ಎತ್ತಿನ ಹತ್ತಿರ ಹೋಗದವನು ಕಟ್ಟಿದ ಕತೆ ಇದು ಎಂದು ವಕೀಲರು ಕೈ ಕೊಡವಿ ಕೂತರು. ಎಂಟು ಜನರೂ ಬಿಡುಗಡೆಯಾದರು. ತೀರ್ಪು ಬಂದ ದಿನ ಆಲೆಮನೆಯಲ್ಲಿ ಪಟಾಕಿ ಹೊಡೆದರು.

ಅದಾಗಿ ನಾಲ್ಕು ದಿನಕ್ಕೆ ಮದ್ದೂರಿನ ಬಸ್ ಸ್ಟ್ಯಾಂಡಿನಲ್ಲಿ ಅವನು ಸಿಕ್ಕಿದ. ಕೈಯಲ್ಲಿ ಒಂದು ಚೀಲ. ತಪ್ಪಿಸಿಕೊಂಡು ಹೋಗೋಣವೆನಿಸಿತು, ಆದರೆ ಅವನೇ ಹತ್ತಿರ ಬಂದು, ಯಾವ ಶಾಲೆ, ಎಷ್ಟು ಮಕ್ಕಳು ಎಂದು ವಿಚಾರಿಸಿದ. ಬಹಳ ಇಳಿದುಹೋಗಿದ್ದ. ನನಗೆ ತಡೆಯಲಾಗಲಿಲ್ಲ.

"ಜವರ, ನನ್ನ ಉಳ್ಸಕೆ ಅಂತ ಯಾಕ್ಲಾ ಸುಳ್ ಯೋಳ್ದೆ?"

"ನಿನ್ನ ಉಳ್ಸಕಲ್ಲ ಕಣ್ಲಾ" ಎಂದ. "ನಾನ್ ನಿನ್ ಎಸ್ರು ಯೋಳುದ್ರೆ ನಿನ್ನ ಇಡ್ಕೊಟ್ಟಂಗಾಯ್ತದೆ. ನೀನಾಗೇ ಎದ್ದು, ನಾನಿದ್ದೆ ಅಂದ್ರೆ ಅದು ಸಾಕ್ಸಿ. ಏಳ್ತೀಯ ಅಂತ ಕಾದೆ. ಜಡ್ಜು ಎಲ್ಡ್ ಸತಿ ಕೇಳೋಗಂಟ ಕಾದೆ."

ಅವನ ಬಸ್ಸು ಬಂತು. ಹತ್ತುವ ಮುಂಚೆ, "ಮೇಷ್ಟ್ರಾದೆ, ಒಳ್ಳೇದಾಯ್ತು ಬುಡು" ಎಂದು ನನ್ನ ಭುಜ ತಟ್ಟಿದ. ಅದರಲ್ಲಿ ಕೊಂಕಿರಲಿಲ್ಲ, ಇದ್ದಿದ್ದರೆ ನನಗೆ ಎಷ್ಟೋ ವಾಸಿಯಾಗುತ್ತಿತ್ತು. ಆಮೇಲೆ ಅವನನ್ನು ಯಾರೂ ನೋಡಿಲ್ಲ. ಕೊಳ್ಳೇಗಾಲದ ಕಡೆ ಇದ್ದಾನೆ ಎಂದು ಒಬ್ಬರು, ಇಲ್ಲ, ಸತ್ತೇಹೋದ ಎಂದು ಇನ್ನೊಬ್ಬರು ಹೇಳುತ್ತಾರೆ. ಸಾಬ್ರ ಹೆಂಡತಿ ಮೇಲಿನ ಕೋರ್ಟಿಗೆ ಹೋಗಿದ್ದಾಳೆ. ಹೋದ ವಾರ ಆಕೆ ನಮ್ಮ ಶಾಲೆಯ ಗೇಟಿನವರೆಗೆ ಬಂದು, ಯಾರನ್ನೂ ಏನೂ ಕೇಳದೆ, ಬಿಸಿಲಲ್ಲಿ ಸ್ವಲ್ಪ ಹೊತ್ತು ನಿಂತಿದ್ದಳು. ಜವರ ಆಕೆಗೆ ನನ್ನ ವಿಷಯ ಹೇಳಿದ್ದನೋ ಇಲ್ಲವೋ, ನನಗೆ ಗೊತ್ತಿಲ್ಲ. ನಾನು ತರಗತಿಯ ಕಿಟಕಿಯಿಂದ ನೋಡಿದೆ. ಕುರ್ಚಿಯಿಂದ ಏಳಲಿಲ್ಲ.