ಯಾದಗಿರಿ ಬರುವವರೆಗೆ ನಿದ್ದೆ ಬೇಡ

ನಾನು ಬಾಯಿ ತೆರೆದರೆ ಸಾಕು, ಯಾರಾದರೂ ನಡುವೆ ಬಾಯಿ ಹಾಕುತ್ತಾರೆ. ಸುರಪುರದಲ್ಲಿ ಬಸ್ಸು ಹತ್ತಿದ ಮೇಲೂ ಅದೇ ಆಯಿತು. ಎರಡು ವರ್ಷದ ಮಗಳು ತೊಡೆಯ ಮೇಲೆ ತೂಕಡಿಸಿದಾಗಲೆಲ್ಲ ನಾನು ಕೆನ್ನೆ ತಟ್ಟಿ ಎಬ್ಬಿಸುತ್ತಿದ್ದೆ. ಪಕ್ಕದಲ್ಲಿ ಕೂತ ಮುದುಕಿಗೆ ತಡೆಯಲಾಗಲಿಲ್ಲ.

“ನೀ ಹಡದಾಕಿನೋ, ವೈರಿನೋ?”

“ಡಾಕ್ಟರು ಹೇಳ್ಯಾರ...”

“ಯಾವ ಡಾಕ್ಟರು? ಕೊಡು ಇಲ್ಲಿ, ನಾ ಮಲಗಸ್ತೀನಿ.”

“ಈ ಸಲ ಪೂರ್ತಿ ಕೇಳು, ಆಯಿ. ಇಕಿ ತಲಿಯಾಗಿನ ರಕ್ತನಾಳ ಹುಟ್ಟಿದಾಗಿಂದ ಉಬ್ಬ್ಯಾದ. ಯಾದಗಿರಿ ದವಾಖಾನ್ಯಾಗ ಮಷೀನಿನೊಳಗ ಮಲಗಿಸಿ ಅದರ ಫೋಟೊ ತಗೀತಾರ. ಅಲುಗಿದ್ರ ಫೋಟೊ ಕೆಡ್ತದ, ಅದಕ್ಕ ಮಷೀನಿನ್ಯಾಗ ನಿದ್ದಿ ಹತ್ತಲಿ ಅಂತ ನಿದ್ದಿಗೆಡಿಸಿ ಕರಕೊಂಡು ಬರ್ರಿ ಅಂದಾರ. ಹೋದ ಸಲ ನಿನ್ನಂಥಾಕಿ ಒಬ್ಬಾಕಿ ಬಸ್ಸಿನ್ಯಾಗ ಮಲಗಿಸಿ ಪುಣ್ಯಾ ಕಟಗೊಂಡ್ಲು. ಮಷೀನಿನ್ಯಾಗ ಇಕಿ ಕುಣದಾಡಿ ಬಂದ್ಲು.”

ಶಹಾಪುರ ದಾಟಿದ ಮೇಲೆ ಬಳೆ ಆಡಿಸುತ್ತ, ಕಚಗುಳಿ ಇಡುತ್ತ ಮಗಳನ್ನು ಎಚ್ಚರವಾಗಿ ಇಟ್ಟವಳು ಆ ಮುದುಕಿಯೇ.

ಎದುರುತ್ತರ ಕೊಡುವುದರಲ್ಲಿ ನನಗೆ ಅತ್ತೆಯ ಮನೆಯಲ್ಲಿ ದೊಡ್ಡ ಹೆಸರಿದೆ. ಆದರೆ ಇಳಿಯುವ ಮೊದಲು ಮುದುಕಿ ಕೇಳಿದ್ದನ್ನು ನಾನು ಹಾಗೇ ಹೋಗಿ ಡಾಕ್ಟರನ್ನೇ ಕೇಳಿದೆ.

“ಅಲ್ಲವಾ, ಆ ಮಷೀನಿನೊಳಗ ನಿನ್ನ ತೊಡಿ ಇರಂಗಿಲ್ಲಲ್ಲ. ಕೂಸು ಹ್ಯಾಂಗ ಮಲಗತದ?”